ಜೀನಸಿ ಅಂಗಡಿಯ ದಾಸ್ತಾನನ್ನು ಸಾಫ್ಟ್‌ವೇರಿಗೆ ಏರಿಸುವ ಕ್ರಮ

ಮಂಗಳೂರು ಮತ್ತು ಉಡುಪಿಯ ಜೀನಸಿ ಅಂಗಡಿಗಳ ಲೆಕ್ಕ ನೋಡಿಕೊಂಡು ಬಂದಿರುವ ನನಗೆ ಮತ್ತೆ ಮತ್ತೆ ಕಂಡಿರುವ ಸಂಗತಿಯೆಂದರೆ, ಬಿಲ್ಲು ಕಂಪ್ಯೂಟರಿನಿಂದ ಬರುತ್ತಿದ್ದರೂ ದಾಸ್ತಾನು ಮಾತ್ರ ಯಜಮಾನರ ನೆನಪಿನಲ್ಲೇ ಉಳಿದಿರುತ್ತದೆ. ಸಾಫ್ಟ್‌ವೇರಿನಲ್ಲಿ ದಾಸ್ತಾನಿನ ಭಾಗ ಇದ್ದೇ ಇರುತ್ತದೆ. ಹೊಸತರಲ್ಲಿ ಅದನ್ನು ಆರಂಭಿಸಿ, ಎರಡು ತಿಂಗಳಲ್ಲಿ ತೆರೆಯ ಮೇಲಿನ ಅಂಕಿಗೂ ಗೋದಾಮಿನ ಗೋಣಿಗಳಿಗೂ ತಾಳೆಯಾಗದೆ, ಇದು ನಮ್ಮಂಥ ಅಂಗಡಿಗೆ ಆಗುವುದಲ್ಲ ಎಂದು ಕೈಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಸಾಫ್ಟ್‌ವೇರ್ ಮಾಡುವ ಲೆಕ್ಕ ತೀರ ಸರಳವಾದದ್ದು: ಇದ್ದದ್ದಕ್ಕೆ ಬಂದದ್ದನ್ನು ಕೂಡಿಸುವುದು, ಹೋದದ್ದನ್ನು ಕಳೆಯುವುದು. ಈ ಮೂರೂ ಅಂಕಿಗಳು ಒಂದೇ ಅಳತೆಯಲ್ಲಿ ಇರಬೇಕೆಂಬ ಶರತ್ತನ್ನು ಮೊದಲ ದಿನವೇ ಪಾಲಿಸದಿದ್ದರೆ, ಆಮೇಲೆ ಎಷ್ಟು ಶ್ರದ್ಧೆಯಿಂದ ನಮೂದಿಸಿದರೂ ಉತ್ತರ ಸರಿಬರುವುದಿಲ್ಲ. ಆದ್ದರಿಂದ ಇಲ್ಲಿ ಅಳತೆಗೆ ಮತ್ತು ಮೊದಲ ಎಣಿಕೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಟ್ಯಾಲಿಪ್ರೈಮ್ ಬಳಸುವವರಿಗೂ ಬೇರೆ ಬಿಲ್ಲಿಂಗ್ ತಂತ್ರಾಂಶ ಬಳಸುವವರಿಗೂ ಕ್ರಮ ಒಂದೇ, ಮೆನುವಿನ ಹೆಸರುಗಳಷ್ಟೇ ಬದಲಾಗುತ್ತವೆ.

ಯಾವಾಗ ಆರಂಭಿಸಬೇಕು

ಲೆಕ್ಕಪತ್ರದ ದೃಷ್ಟಿಯಿಂದ ಏಪ್ರಿಲ್ 1 ಅನುಕೂಲದ ದಿನ. ಆದರೆ ನಮ್ಮ ಕರಾವಳಿಯಲ್ಲಿ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳು ಮದುವೆ, ಉಪನಯನ, ಜಾತ್ರೆ, ನೇಮಗಳ ಕಾಲವಾದುದರಿಂದ ಅಂಗಡಿಯಲ್ಲಿ ಎಣಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ನನ್ನ ಸಲಹೆ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಾಲ. ಆಟಿಯಲ್ಲಿ ಶುಭಕಾರ್ಯಗಳು ನಡೆಯುವುದಿಲ್ಲ, ಮಳೆಗೆ ಗಿರಾಕಿಗಳು ಕಡಿಮೆ, ಕೆಡುವ ಭಯದಿಂದ ಯಜಮಾನರೂ ಹೆಚ್ಚು ಮಾಲು ತರಿಸಿರುವುದಿಲ್ಲ. ಕಡಿಮೆ ದಾಸ್ತಾನು ಇರುವಾಗ ಎಣಿಕೆ ಬೇಗ ಮುಗಿಯುತ್ತದೆ, ತಪ್ಪೂ ಕಡಿಮೆ. ಸೋಣ ತಿಂಗಳು ಬಂದು ಅಷ್ಟಮಿ, ಚೌತಿಯ ವ್ಯಾಪಾರ ಏರುವ ಹೊತ್ತಿಗೆ ಸಿಬ್ಬಂದಿಗೆ ಅಭ್ಯಾಸವಾಗಿರುತ್ತದೆ. ಮುಂದಿನ ಏಪ್ರಿಲ್ 1ರ ಆರಂಭಿಕ ಶಿಲ್ಕನ್ನು ಊಹೆಯಿಂದ ಬರೆಯುವ ಪ್ರಸಂಗವೂ ಬರುವುದಿಲ್ಲ.

ಹೆಸರುಗಳನ್ನು ಒಪ್ಪಗೊಳಿಸುವುದು

ಬಿಲ್ಲಿಂಗಿಗೆಂದು ಅವಸರದಲ್ಲಿ ಸೇರಿಸಿದ ಐಟಂ ಪಟ್ಟಿಯಲ್ಲಿ ಒಂದೇ ವಸ್ತು ‘ಕುಚ್ಚಲಕ್ಕಿ’, ‘ಕುಚಲಕ್ಕಿ’, ‘ಬಾಯ್ಲ್ಡ್ ರೈಸ್’, ‘ಉರ್ಪೆಲರಿ’ ಎಂದು ನಾಲ್ಕು ಕಡೆ ಕುಳಿತಿರುವುದು ಸಾಮಾನ್ಯ. ಖರೀದಿ ಒಂದು ಹೆಸರಿಗೆ ಏರಿ ಮಾರಾಟ ಇನ್ನೊಂದರಿಂದ ಇಳಿದರೆ ಮೊದಲನೆಯದು ಬೆಳೆಯುತ್ತಲೇ ಹೋಗುತ್ತದೆ, ಎರಡನೆಯದು ಸೊನ್ನೆಗಿಂತ ಕೆಳಗಿಳಿಯುತ್ತದೆ. ವಸ್ತು, ಬಗೆ, ಬ್ರ್ಯಾಂಡ್, ತೂಕ ಎಂಬ ಅನುಕ್ರಮದಲ್ಲಿ ಒಂದೊಂದಕ್ಕೆ ಒಂದೇ ಹೆಸರಿಟ್ಟು, ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಹುಡುಗರು ಕರೆಯುವ ಹೆಸರುಗಳನ್ನು ‘ಏಲಿಯಸ್’ ಎಂಬ ಜಾಗದಲ್ಲಿ ಬರೆಯಬೇಕು. ಆಗ ಯಾರು ಯಾವ ಹೆಸರಿನಿಂದ ಹುಡುಕಿದರೂ ಒಂದೇ ಐಟಂ ತೆರೆದುಕೊಳ್ಳುತ್ತದೆ. ಇದೇ ಹೊತ್ತಿನಲ್ಲಿ ಎಚ್‌ಎಸ್‌ಎನ್ ಸಂಖ್ಯೆಯನ್ನೂ, ಅಂದರೆ ತೆರಿಗೆಗಾಗಿ ಸರಕನ್ನು ವರ್ಗೀಕರಿಸುವ ಅಂಕಿಯನ್ನೂ, ತುಂಬಿಬಿಡಬೇಕು: ಅಕ್ಕಿಗೆ 1006, ತೆಂಗಿನೆಣ್ಣೆಗೆ 1513, ಬೆಲ್ಲಕ್ಕೆ 1701, ಒಣಮೆಣಸಿಗೆ 0904. ಹಳೆಯ ಐಟಂಗಳನ್ನು ಅಳಿಸಲು ಹೋಗಬಾರದು. ಅವುಗಳ ಮೇಲೆ ಹಿಂದಿನ ಬಿಲ್ಲುಗಳು ನಿಂತಿರುತ್ತವೆ, ಆದ್ದರಿಂದ ಬಳಕೆಯಲ್ಲಿಲ್ಲ ಎಂದು ಗುರುತು ಮಾಡಿದರೆ ಸಾಕು.

ಅಳತೆಯ ಮೂಲಮಾನ

ಪ್ರತಿಯೊಂದು ಐಟಂಗೂ ಒಂದು ಮೂಲಮಾನವನ್ನು ನಿಶ್ಚಯಿಸಬೇಕು. ಅದು ನೀವು ಕೊಳ್ಳುವ ಅಳತೆಯಲ್ಲ, ಮಾರುವ ಅಳತೆ. ಬಿಡಿಯಾಗಿ ತೂಗಿ ಕೊಡುವ ವಸ್ತುಗಳಿಗೆ ಕಿಲೋ, ಅದೂ ಮೂರು ದಶಾಂಶ ಸ್ಥಾನಗಳೊಂದಿಗೆ ಇರಬೇಕು. ಎರಡೇ ಸ್ಥಾನ ಕೊಟ್ಟರೆ 125 ಗ್ರಾಂ ಏಲಕ್ಕಿಯ ಬಿಲ್ಲು ದಾಸ್ತಾನಿನಲ್ಲಿ 130 ಗ್ರಾಂ ಆಗಿ ಇಳಿಯಬಹುದು. ಪೊಟ್ಟಣಗಳಿಗೆ ಸಂಖ್ಯೆ. ಪೆಟ್ಟಿಗೆ, ಗೋಣಿ, ಟಿನ್ ಮುಂತಾದವನ್ನು ಪರ್ಯಾಯ ಅಳತೆ ಎಂದು ಸೇರಿಸಿ, ಒಂದು ಪೆಟ್ಟಿಗೆಗೆ ಎಷ್ಟು ಪೊಟ್ಟಣ ಎಂಬ ಅನುಪಾತವನ್ನು ಕೊಡಬೇಕು. ಕಂಪೆನಿಯವರು ಹೇಳದೆಯೇ 24ರ ಪೆಟ್ಟಿಗೆಯನ್ನು 20ಕ್ಕೆ ಇಳಿಸುವುದುಂಟು. ಹಾಗಾಗಿ ಮಾಲು ಇಳಿಸಿಕೊಳ್ಳುವಾಗ ಇನ್‌ವಾಯ್ಸ್ ಮತ್ತು ಪೆಟ್ಟಿಗೆ ಎರಡನ್ನೂ ನೋಡುವ ಅಭ್ಯಾಸ ಇರಲಿ.

ತೂಕದಲ್ಲಿ ಬಂದು ಗಾತ್ರದಲ್ಲಿ ಹೋಗುವ ವಸ್ತುಗಳಲ್ಲಿ ಅಪಾಯ ಹೆಚ್ಚು. ತೆಂಗಿನೆಣ್ಣೆಯನ್ನೇ ತೆಗೆದುಕೊಳ್ಳಿ. ಮಿಲ್ಲಿನಿಂದ 15 ಕಿಲೋ ಟಿನ್ ಬರುತ್ತದೆ, ನಾವು ಲೀಟರಿನಲ್ಲಿ ಅಳೆದು ಕೊಡುತ್ತೇವೆ. ಉಡುಪಿಯ ರಥಬೀದಿಗೆ ಹತ್ತಿರದ ಒಂದು ಅಂಗಡಿಯಲ್ಲಿ ಒಂದು ಟಿನ್ ಎಂದರೆ 15 ಲೀಟರ್ ಎಂದು ನಮೂದಿಸಿದ್ದರು. ಅಂಗಡಿಯ ಹುಡುಗ ಒಂದು ದಿನ, “ಧನಿಗಳೇ, ಕಂಪ್ಯೂಟರಿನಲ್ಲಿ ಎಣ್ಣೆ ಮೈನಸ್ ತೋರಿಸುತ್ತಿದೆ, ಟಿನ್ನಿನಲ್ಲಿ ಇನ್ನೂ ಉಂಟು” ಎಂದು ಹೇಳಿದಾಗಲೇ ವಿಷಯ ಹೊರಬಂದದ್ದು. ಒಂದು ಲೀಟರ್ ಎಣ್ಣೆ ಒಂದು ಕಿಲೋ ತೂಗುವುದಿಲ್ಲ. ಲೀಟರಿಗೆ 910 ಗ್ರಾಂ ಎಂಬ ಬಳಕೆಯ ಲೆಕ್ಕದಲ್ಲಿ 15 ಕಿಲೋ ಎಂದರೆ 16.48 ಲೀಟರ್. ಟಿನ್ನಿಗೆ ಸುಮಾರು ಒಂದೂವರೆ ಲೀಟರ್ ವ್ಯತ್ಯಾಸವಾದರೆ, ತಿಂಗಳಿಗೆ 40 ಟಿನ್ ಹೋಗುವ ಅಂಗಡಿಯಲ್ಲಿ 59 ಲೀಟರ್ ಎಣ್ಣೆ ಲೆಕ್ಕದ ಹೊರಗೆ ನಿಲ್ಲುತ್ತದೆ. ಅಷ್ಟು ಎಣ್ಣೆ ಯಾರಾದರೂ ಕೊಂಡುಹೋದರೂ ಗೊತ್ತಾಗುವ ದಾರಿ ಇರುವುದಿಲ್ಲ. ಇಂತಹ ವಸ್ತುವಿಗೆ ಮಾತ್ರ, ಮಾರುವ ಅಳತೆಯ ಬದಲು ಮೂಲಮಾನವನ್ನು ಕಿಲೋ ಎಂದೇ ಇಟ್ಟು, ಒಂದು ಲೀಟರ್ ಎಂದರೆ 0.910 ಕಿಲೋ ಎಂದು ಪರ್ಯಾಯ ಅಳತೆಯಲ್ಲಿ ಬರೆಯುವುದು ಸುರಕ್ಷಿತ.

ತೆಂಗಿನಕಾಯಿಯ ಸಮಸ್ಯೆ ಬೇರೆ ಬಗೆಯದು. ತೋಟದವರಿಂದ ಕೆಲವೊಮ್ಮೆ ಎಣಿಸಿ ಕೊಳ್ಳುತ್ತೇವೆ, ಕೆಲವೊಮ್ಮೆ ತೂಗಿ. ಕಾಯಿಯಿಂದ ಕಾಯಿಗೆ ತೂಕ ಬೇರೆಯಾಗಿರುವುದರಿಂದ ಅನುಪಾತವೆಂಬುದೇ ಇಲ್ಲ. ಇಲ್ಲದ ಅನುಪಾತವನ್ನು ಸರಾಸರಿ ಎಂದು ಊಹಿಸಿ ಕೊಡುವುದಕ್ಕಿಂತ, ಕೊಳ್ಳುವುದನ್ನೂ ಮಾರುವುದನ್ನೂ ಕಿಲೋದಲ್ಲೇ ಮಾಡುವ ನಿಯಮ ತಂದುಕೊಳ್ಳುವುದು ಮೇಲು. ಹೂವನ್ನೂ ಮಾರುವ ಅಂಗಡಿಯಾದರೆ ಶಂಕರಪುರ ಮಲ್ಲಿಗೆಯ ಲೆಕ್ಕ ಸಾಫ್ಟ್‌ವೇರಿಗೆ ಹೇಳಿ ಮಾಡಿಸಿದಂತಿದೆ: 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ನಮ್ಮ ಹಿರಿಯರು ಇಷ್ಟು ಸ್ಪಷ್ಟವಾದ ಅನುಪಾತವನ್ನು ಕಟ್ಟಿಕೊಟ್ಟಿರುವಾಗ ಚೆಂಡನ್ನು ಮೂಲಮಾನವಾಗಿಯೂ ಅಟ್ಟೆಯನ್ನು ಪರ್ಯಾಯವಾಗಿಯೂ ಇಟ್ಟುಕೊಂಡರೆ ಮುಗಿಯಿತು.

ಬಿಡಿ ಅಕ್ಕಿಯೂ ಪೊಟ್ಟಣದ ಅಕ್ಕಿಯೂ ಎರಡು ಐಟಂಗಳು

2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿಗೆ ಶೇ. 5 ಜಿಎಸ್‌ಟಿ ಇದೆ. ಗೋಣಿ ಬಿಚ್ಚಿ ಗಿರಾಕಿಯ ಎದುರು ತೂಗಿ ಕೊಡುವ ಬಿಡಿ ಅಕ್ಕಿಗೆ ತೆರಿಗೆ ಇಲ್ಲ. ಮಾರುಕಟ್ಟೆಯಲ್ಲಿ 26 ಕಿಲೋ ಅಕ್ಕಿಚೀಲಗಳು ಕಾಣಿಸಿಕೊಂಡದ್ದು ಈ ಮಿತಿಯಿಂದಾಗಿಯೇ. ಹಾಗಾಗಿ ಒಂದೇ ಮಿಲ್ಲಿನ ಒಂದೇ ಕುಚ್ಚಲಕ್ಕಿಯಾದರೂ 10 ಕಿಲೋ ಲೇಬಲ್ ಚೀಲ ಒಂದು ಐಟಂ, 50 ಕಿಲೋ ಗೋಣಿ ಇನ್ನೊಂದು, ಬಿಡಿ ಅಕ್ಕಿ ಮತ್ತೊಂದು. ಒಂದೇ ಐಟಂನಲ್ಲಿ ಎಲ್ಲವನ್ನೂ ಸೇರಿಸಿದರೆ ದಾಸ್ತಾನಿನ ಜೊತೆಗೆ ತೆರಿಗೆಯೂ ತಪ್ಪುತ್ತದೆ.

ಗೋಣಿ ಬಿಚ್ಚಿದ ಕೂಡಲೇ ಒಂದು ವರ್ಗಾವಣೆಯ ನಮೂದು ಬೇಕು. ಟ್ಯಾಲಿಯಲ್ಲಿ ಅದಕ್ಕೆ ಸ್ಟಾಕ್ ಜರ್ನಲ್ ಎನ್ನುತ್ತಾರೆ. ಒಂದು ಬದಿಯಲ್ಲಿ ಒಂದು ಗೋಣಿ ಹೊರಗೆ, ಇನ್ನೊಂದು ಬದಿಯಲ್ಲಿ ಬಿಡಿ ಅಕ್ಕಿ ಒಳಗೆ. ಇಲ್ಲಿ 50 ಕಿಲೋ ಎಂದು ಕಣ್ಣುಮುಚ್ಚಿ ಬರೆಯಬಾರದು. ಧೂಳು, ಚೆಲ್ಲಿದ್ದು, ಗೋಣಿಯ ಮೂಲೆಯಲ್ಲಿ ಉಳಿದದ್ದು ಕಳೆದು ಕೈಗೆ ಬಂದದ್ದು 49.7 ಕಿಲೋ ಆದರೆ ಅಷ್ಟನ್ನೇ ಬರೆದು, ಗೋಣಿಯ ಪೂರ್ತಿ ಖರೀದಿ ಬೆಲೆಯನ್ನು ಆ 49.7 ಕಿಲೋಗೆ ಹಂಚಬೇಕು. ಬಿಡಿ ಅಕ್ಕಿಯ ನಿಜವಾದ ಅಸಲು ಆಗ ಗೊತ್ತಾಗುತ್ತದೆ. ಮೆಣಸು, ಕೊತ್ತಂಬರಿ, ಉದ್ದಿನಬೇಳೆ ಕಟ್ಟಿಡುವಾಗಲೂ ಕ್ರಮ ಇದೇ. ಅಲ್ಲಿ ಪ್ಲಾಸ್ಟಿಕ್ ಚೀಲದ ಖರ್ಚನ್ನೂ ಸೇರಿಸಬಹುದು.

ಒಂದೇ ಬಾರ್‌ಕೋಡ್, ಎರಡು ಎಂಆರ್‌ಪಿ

ಸಾಬೂನಿನ ಬೆಲೆ ಏರಿದರೂ ಬಾರ್‌ಕೋಡ್ ಬದಲಾಗುವುದಿಲ್ಲ. ಹಳೆಯ ಬೆಲೆಯ ಹತ್ತು, ಹೊಸ ಬೆಲೆಯ ಮೂವತ್ತು ಒಂದೇ ಕಪಾಟಿನಲ್ಲಿ ಇರುತ್ತವೆ. ಮುದ್ರಿತ ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವುದು ಅಪರಾಧವಾದುದರಿಂದ ಇದು ಬರಿಯ ಲೆಕ್ಕದ ಪ್ರಶ್ನೆಯಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಅನೇಕ ವಸ್ತುಗಳಿಗೆ ಎರಡೆರಡು ಬೆಲೆ ಬಂದು, ಎಂಆರ್‌ಪಿವಾರು ದಾಸ್ತಾನು ಇಡದವರು ಬಹಳ ಒದ್ದಾಡಿದರು. ಸಾಫ್ಟ್‌ವೇರಿನಲ್ಲಿ ಬ್ಯಾಚ್ (ಒಟ್ಟಿಗೆ ತಯಾರಾದ ಗುಂಪು) ಅಥವಾ ಎಂಆರ್‌ಪಿವಾರು ದಾಸ್ತಾನು ಎಂಬ ಆಯ್ಕೆಯನ್ನು ಆರಂಭದಲ್ಲೇ ತೆರೆದಿಡಬೇಕು. ಸ್ಕ್ಯಾನ್ ಮಾಡಿದಾಗ ಯಾವ ಬೆಲೆಯದ್ದು ಎಂದು ಅದು ಕೇಳುತ್ತದೆ, ಕೌಂಟರಿನವರು ಪೊಟ್ಟಣವನ್ನು ತಿರುಗಿಸಿ ನೋಡಿ ಉತ್ತರಿಸುತ್ತಾರೆ. ಬಿಸ್ಕತ್ತು, ಮಸಾಲೆಪುಡಿ, ಮಕ್ಕಳ ಆಹಾರದಂತಹವುಗಳಿಗೆ ಅವಧಿ ಮುಗಿಯುವ ದಿನಾಂಕವನ್ನೂ ಸೇರಿಸಿ. ಉಪ್ಪಿಗೆ, ಬಕೆಟಿಗೆ, ಪೊರಕೆಗೆ ಬ್ಯಾಚ್ ಹಾಕಿ ಕೆಲಸ ಹೆಚ್ಚಿಸಿಕೊಳ್ಳಬೇಡಿ.

ಬಾರ್‌ಕೋಡ್ ಇಲ್ಲದ ಸ್ಥಳೀಯ ವಸ್ತುಗಳು, ಅಂದರೆ ಹಲಸಿನ ಹಪ್ಪಳ, ಪುನರ್ಪುಳಿ, ಮಿಡಿ ಉಪ್ಪಿನಕಾಯಿ ಮೊದಲಾದವುಗಳಿಗೆ ಅಂಗಡಿಯೊಳಗಿನ ಬಳಕೆಗೆಂದು ನೀವೇ ಸಂಖ್ಯೆ ಕೊಡಬಹುದು. 890ರಿಂದ ಆರಂಭವಾಗುವ ಸಂಖ್ಯೆಗಳು ಜಿಎಸ್1 ಇಂಡಿಯಾ ಎಂಬ ಬಾರ್‌ಕೋಡ್ ಸಂಸ್ಥೆ ಹಂಚುವಂಥವು, ಅವನ್ನು ಮುಟ್ಟಬಾರದು. 20ರಿಂದ 29ರವರೆಗಿನ ಆರಂಭದ ಅಂಕಿಗಳು ಅಂಗಡಿಗಳ ಒಳಬಳಕೆಗೆಂದೇ ಮೀಸಲಾಗಿವೆ. ಲೇಬಲ್ ಮುದ್ರಿಸುವ ತಕ್ಕಡಿ ಇದ್ದರೆ ಅದೂ ಇದೇ ಆರಂಭದ 13 ಅಂಕಿಗಳನ್ನು ಕೊಡುತ್ತದೆ. ಮೊದಲ ಎರಡು ಅಂಕಿ ಗುರುತು, ಮುಂದಿನ ಐದು ಐಟಂ ಸಂಖ್ಯೆ, ಆಮೇಲಿನ ಐದು ತೂಕ ಅಥವಾ ಬೆಲೆ, ಕೊನೆಯದು ಪರಿಶೀಲನಾ ಅಂಕಿ ಎಂಬುದು ಹೆಚ್ಚು ಬಳಕೆಯಲ್ಲಿರುವ ವಿನ್ಯಾಸ. ಆ ಐದು ಅಂಕಿ ತೂಕವೋ ಬೆಲೆಯೋ ಎಂಬುದನ್ನು ತಕ್ಕಡಿಯಲ್ಲಿಯೂ ಸಾಫ್ಟ್‌ವೇರಿನಲ್ಲಿಯೂ ಒಂದೇ ರೀತಿ ಹೊಂದಿಸಬೇಕು. ದಾಸ್ತಾನಿನ ದೃಷ್ಟಿಯಿಂದ ತೂಕವೇ ಒಳ್ಳೆಯದು. ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲ ಎಣಿಕೆ

ಅಂಗಡಿ, ಗೋದಾಮು, ಅಟ್ಟ ಇವು ಮೂರನ್ನು ಬೇರೆ ಬೇರೆ ಸ್ಥಳಗಳೆಂದು ಮೊದಲು ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಬಳಿಕ ಒಂದು ಭಾನುವಾರ ಮಧ್ಯಾಹ್ನ ಬಿಲ್ಲಿಂಗ್ ನಿಲ್ಲಿಸಿ, ಮುಗಿಯುವವರೆಗೆ ಬಾಗಿಲು ತೆರೆಯುವುದಿಲ್ಲ ಎಂದು ನಿಶ್ಚಯಿಸಿ. ವ್ಯಾಪಾರದ ಮಧ್ಯೆ ಎಣಿಸಿದ ದಾಸ್ತಾನು ಯಾವ ಕ್ಷಣದ ದಾಸ್ತಾನೂ ಅಲ್ಲ. ಒಬ್ಬರು ಎಣಿಸಿ ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಮುಗಿದ ಕಪಾಟಿಗೆ ಸೀಮೆಸುಣ್ಣದ ಗುರುತು ಇರಲಿ. ಬರೆಯುವವರ ಕೈಯಲ್ಲಿ ಹಳೆಯ ದಾಸ್ತಾನಿನ ಅಂಕಿಗಳು ಇರಬಾರದು, ಏಕೆಂದರೆ ಕಾಗದದಲ್ಲಿ 48 ಎಂದಿದ್ದರೆ ಕಣ್ಣು 47ನ್ನೂ 48 ಎಂದೇ ಎಣಿಸುತ್ತದೆ. ಬಿಚ್ಚಿದ ಗೋಣಿಗಳನ್ನು ತೂಗಿ ಖಾಲಿ ಗೋಣಿಯ ತೂಕವನ್ನು ಕಳೆಯಬೇಕು. ಅಂದಾಜು ಮಾಡಬಾರದು.

ಎಣಿಕೆಗಿಂತ ಕಷ್ಟದ್ದು ಗಡಿ ಎಳೆಯುವುದು. ಮಂಗಳೂರು ಬಂದರಿನ ರಖಂ ವ್ಯಾಪಾರಿಯಿಂದ ಶನಿವಾರ ಮಾಲು ಬಂದು ಇನ್‌ವಾಯ್ಸ್ ಸೋಮವಾರ ಕೈಸೇರುವುದಿದ್ದರೆ, ಆ ಮಾಲನ್ನು ಎಣಿಕೆಯಲ್ಲಿ ಸೇರಿಸಿ ಸೋಮವಾರ ಖರೀದಿಯನ್ನೂ ನಮೂದಿಸಿದರೆ ಅದು ಎರಡು ಬಾರಿ ಏರುತ್ತದೆ. ಗಿರಾಕಿ ಹಣ ಕೊಟ್ಟು, ‘ನಾಳೆ ರಿಕ್ಷಾ ಕಳಿಸುತ್ತೇನೆ’ ಎಂದು ಬಿಟ್ಟುಹೋದ ಎರಡು ಗೋಣಿ ನಮ್ಮ ದಾಸ್ತಾನಲ್ಲ, ಕಣ್ಣೆದುರು ಇದ್ದರೂ ಅಲ್ಲ. ಇಂತಹವುಗಳನ್ನು ಎಣಿಕೆಗೆ ಮುನ್ನ ಒಂದು ಮೂಲೆಗೆ ಸರಿಸಿ ಚೀಟಿ ಅಂಟಿಸಿ. ಬೆಲೆ ಹಾಕುವಾಗ ಖರೀದಿ ದರಕ್ಕೆ ಲಾರಿ ಬಾಡಿಗೆ ಮತ್ತು ಹಮಾಲಿಯನ್ನು ಸೇರಿಸಿ. ಹೂಡುವಳಿ ತೆರಿಗೆ ಜಮೆ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆಯುವವರು ಜಿಎಸ್‌ಟಿಯನ್ನು ಬಿಟ್ಟೇ ದರ ಬರೆಯಬೇಕು. ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಯೋಜನೆಯಲ್ಲಿರುವವರು ಆ ಜಮೆ ಪಡೆಯುವಂತಿಲ್ಲವಾದ್ದರಿಂದ ತೆರಿಗೆ ಸೇರಿಸಿ ಬರೆಯಬೇಕು. ದಾಸ್ತಾನಿನ ಮೌಲ್ಯಮಾಪನಕ್ಕಾಗಿ, ಮೊದಲು ಬಂದದ್ದು ಮೊದಲು ಹೋಗುವ ಕ್ರಮವನ್ನು ಅಥವಾ ಪ್ರಮಾಣಕ್ಕೆ ತಕ್ಕಂತೆ ಲೆಕ್ಕಹಾಕಿದ ಖರೀದಿ ದರಗಳ ಸರಾಸರಿಯನ್ನು ಆರಿಸಿ. ಬಿಡಿ ಸರಕು ಹೆಚ್ಚಿರುವ ಅಂಗಡಿಗೆ ಸರಾಸರಿಯೇ ಸುಲಭ, ಆರಿಸಿದ್ದನ್ನು ವರ್ಷದ ಮಧ್ಯೆ ಬದಲಿಸಬಾರದು.

ಮಾರಾಟವಲ್ಲದೆ ಹೊರಹೋಗುವ ಮಾಲು

ಮನೆಗೆ ಒಯ್ದ ಸಕ್ಕರೆ, ಇಲಿ ಕಚ್ಚಿದ ಬೇಳೆ, ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆಯಾಗಿ ಕೊಟ್ಟ ಅಕ್ಕಿ ಮತ್ತು ಬೆಲ್ಲ, ಕಂಪೆನಿಗೆ ಹಿಂತಿರುಗಿಸಿದ ಪೊಟ್ಟಣ ಇವೆಲ್ಲ ಬಿಲ್ಲಿಲ್ಲದೆ ಹೋಗುತ್ತವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣದ ಹೆಸರನ್ನು ಸಾಫ್ಟ್‌ವೇರಿನಲ್ಲಿ ಮೊದಲೇ ಮಾಡಿಡಬೇಕು, ಎಲ್ಲವನ್ನೂ ‘ಹೊಂದಾಣಿಕೆ’ ಎಂಬ ಒಂದೇ ಡಬ್ಬಿಗೆ ಹಾಕಬಾರದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಸೆಕ್ಷನ್ ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ, ಉಡುಗೊರೆಯಾಗಿ ಕೊಟ್ಟ ಅಥವಾ ಸ್ವಂತಕ್ಕೆ ಬಳಸಿದ ಸರಕಿನ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ, ಪಡೆದಿದ್ದರೆ ಹಿಂತಿರುಗಿಸಬೇಕು. ಕಂಪೆನಿಗೆ ಹಿಂತಿರುಗಿಸಿದ್ದು ಈ ಗುಂಪಿಗೆ ಸೇರುವುದಿಲ್ಲ, ಅದಕ್ಕೆ ಡೆಬಿಟ್ ನೋಟ್, ಅಂದರೆ ಹಿಂತಿರುಗಿಸಿದ ಮಾಲಿನ ಮೊತ್ತವನ್ನು ಕಂಪೆನಿಯ ಲೆಕ್ಕದಲ್ಲಿ ಕಳೆಯುವ ಚೀಟಿ, ಇದೆ. ಕಾರಣ ಬರೆದಿಟ್ಟಿದ್ದರೆ ತಿಂಗಳ ಕೊನೆಗೆ ಈ ಮೊತ್ತ ಒಂದು ವರದಿಯಲ್ಲಿ ಸಿಗುತ್ತದೆ. ರಾಜಿ ತೆರಿಗೆಯಲ್ಲಿಲ್ಲದ ನೋಂದಾಯಿತ ವ್ಯಾಪಾರಿಗಳೆಲ್ಲ ಆರಂಭಿಕ ಶಿಲ್ಕು, ಬಂದದ್ದು, ಹೋದದ್ದು, ನಷ್ಟವಾದದ್ದು, ಉಳಿದದ್ದು ಇಷ್ಟನ್ನೂ ತೋರಿಸುವ ದಾಸ್ತಾನು ಲೆಕ್ಕ ಇಡಬೇಕೆಂದು ಕೇಂದ್ರ ಜಿಎಸ್‌ಟಿ ನಿಯಮಾವಳಿಯ ನಿಯಮ 56 ಹೇಳುತ್ತದೆ. ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಅದನ್ನು ಕಾಪಾಡಬೇಕು.

ಹೊರೆಕಾಣಿಕೆಯನ್ನು ದಾಖಲಿಸುವುದು ಕೊಟ್ಟದ್ದನ್ನು ಎಣಿಸಿಟ್ಟಂತೆ ಎಂದು ಹಿಂಜರಿಯುವ ಹಿರಿಯರಿದ್ದಾರೆ. ಅವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ದಾಖಲಾಗದ ಎರಡು ಗೋಣಿ ಅಕ್ಕಿಯ ಕೊರತೆ ಕಂಡಾಗ ಮೊದಲು ಸಂಶಯಕ್ಕೆ ಗುರಿಯಾಗುವವನು ಗೋದಾಮಿನ ಹುಡುಗ. ಅವನ ಮಾನಕ್ಕಾಗಿಯಾದರೂ ಬರೆದಿಡುವುದು ಒಳ್ಳೆಯದು.

ಸೊನ್ನೆಗಿಂತ ಕೆಳಗಿನ ದಾಸ್ತಾನು ಬಂದಾಗ ಏನು ಮಾಡಬೇಕೆಂಬ ಆಯ್ಕೆ ಹೆಚ್ಚಿನ ತಂತ್ರಾಂಶಗಳಲ್ಲಿ ಇರುತ್ತದೆ. ಮೊದಲ ಎರಡು ತಿಂಗಳು ಎಚ್ಚರಿಕೆ ಮಾತ್ರ ಇಡಿ, ಬಿಲ್ಲನ್ನು ತಡೆಯಬೇಡಿ. ಆಮೇಲೆ ಪೊಟ್ಟಣದ ಸರಕಿಗೆ ತಡೆ ಹಾಕಬಹುದು, ಬಿಡಿ ಸರಕಿಗೆ ಎಂದಿಗೂ ಬೇಡ. ಗಿರಾಕಿಯ ಚೀಲದಲ್ಲಿ ಬಿದ್ದ ಬೆಲ್ಲವನ್ನು ಕಂಪ್ಯೂಟರ್ ಇಲ್ಲವೆಂದರೆ ಕೌಂಟರಿನವರು ಬೇರೆ ಯಾವುದೋ ಐಟಂ ಹೆಸರಿನಲ್ಲಿ ಬಿಲ್ಲು ಮಾಡಿಬಿಡುತ್ತಾರೆ, ಆಗ ಎರಡು ಐಟಂಗಳ ಲೆಕ್ಕ ಕೆಡುತ್ತದೆ.

ದಿನದ ಎಣಿಕೆ ಮತ್ತು ಮಳೆಗಾಲ

ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವುದಕ್ಕಿಂತ ದಿನಕ್ಕೆ ಹತ್ತು ಐಟಂ ಎಣಿಸುವುದು ಹೆಚ್ಚು ಉಪಯುಕ್ತ. ಗೋಡಂಬಿ, ಏಲಕ್ಕಿ, ತುಪ್ಪ, ಎಣ್ಣೆಯಂತಹ ಬೆಲೆಬಾಳುವವು ವಾರಕ್ಕೊಮ್ಮೆ ಸರದಿಗೆ ಬರಲಿ, ಉಳಿದವು ತಿಂಗಳಿಗೆ ಅಥವಾ ಎರಡು ತಿಂಗಳಿಗೊಮ್ಮೆ. ವ್ಯತ್ಯಾಸ ಕಂಡ ಕೂಡಲೇ ಅಂಕಿಯನ್ನು ತಿದ್ದಬೇಡಿ. ಕಳೆದ ಎಣಿಕೆಯಿಂದ ಇಂದಿನವರೆಗಿನ ಆ ಐಟಂನ ಚಲನೆಯನ್ನು ತೆರೆದು ನೋಡಿ. ಹೆಚ್ಚಿನ ಸಲ ಒಂದು ನಮೂದಾಗದ ಖರೀದಿ, ಅಥವಾ ಪಕ್ಕದ ಬ್ರ್ಯಾಂಡಿನ ಹೆಸರಿನಲ್ಲಿ ಆದ ಬಿಲ್ಲು ಸಿಗುತ್ತದೆ. ಕಾರಣ ಸಿಕ್ಕಿದರೆ ಆ ನಮೂದನ್ನೇ ಸರಿಪಡಿಸಿ. ಸಿಗದಿದ್ದರೆ ಮಾತ್ರ ಎಣಿಸಿದ ಅಂಕಿಯನ್ನು ಏರಿಸಬೇಕು. ಟ್ಯಾಲಿಯಲ್ಲಿ ಅದಕ್ಕೆ ಫಿಸಿಕಲ್ ಸ್ಟಾಕ್ ವೋಚರ್ ಇದೆ.

ಕರಾವಳಿಯ ತೇವದ ಗಾಳಿಯಲ್ಲಿ ತೂಕದ ವ್ಯತ್ಯಾಸವೆಲ್ಲ ಕಳ್ಳತನವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಲ ನೀರೊಡೆಯುತ್ತದೆ, ಬಿಡಿ ಉಪ್ಪು ಕರಗಿ ಇಳಿಯುತ್ತದೆ, ಒಣಮೆಣಸು ತೇವ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ಅದೇ ಮೆಣಸು ಒಣಗಿ ಹಗುರಾಗುತ್ತದೆ. ಆದ್ದರಿಂದ ಬಿಡಿ ಸರಕಿಗೆ ಒಂದು ಒಪ್ಪಬಹುದಾದ ಅಂತರವನ್ನು ನಿಮ್ಮ ಅಂಗಡಿಯ ಅನುಭವದಿಂದಲೇ ಗೊತ್ತುಮಾಡಿಕೊಳ್ಳಬೇಕು. ಒಂದೊಂದು ಗೋಣಿಯನ್ನು ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ತಿಂಗಳ ಅಂತರದಲ್ಲಿ ಎರಡು ಬಾರಿ ತೂಗಿ ಬರೆದಿಟ್ಟರೆ ಅದು ತಿಳಿಯುತ್ತದೆ. ಪೊಟ್ಟಣದ ಸರಕಿಗೆ ಇಂತಹ ಅಂತರವಿಲ್ಲ, ಒಂದು ಕಡಿಮೆ ಇದ್ದರೆ ಒಂದು ಕಡಿಮೆಯೇ.

ಮರು ಖರೀದಿಯ ಮಟ್ಟ

ಮೂರು ತಿಂಗಳು ಅಂಕಿಗಳು ತಾಳೆಯಾದ ಮೇಲೆ ಮಾತ್ರ ಮರು ಖರೀದಿಯ ಮಟ್ಟವನ್ನು ತುಂಬಬೇಕು. ದಿನಕ್ಕೆ 6 ಕಟ್ಟು ಹಪ್ಪಳ ಹೋಗುತ್ತದೆ, ಮಾಲು ಹೇಳಿದ ಮೇಲೆ ಬರಲು 9 ದಿನ ಬೇಕು ಎಂದಾದರೆ 54 ಕಟ್ಟು, ಅದಕ್ಕೆ ಎರಡು ದಿನದ 12 ಕಟ್ಟು ಭದ್ರತೆಗೆ ಸೇರಿಸಿ 66ಕ್ಕೆ ಇಳಿದಾಗ ಸೂಚನೆ ಬರುವಂತೆ ಮಾಡಿ.

ಕಳೆದ ವರ್ಷದ ಇದೇ ತಿಂಗಳ ಮಾರಾಟವನ್ನು ನೋಡಿ ಈ ಮಟ್ಟವನ್ನು ತಾನೇ ಬದಲಿಸುವ ತಂತ್ರಾಂಶಗಳೂ ಇವೆ, ಆದರೆ ಉಡುಪಿಯಲ್ಲಿ ಅದನ್ನು ಹಾಗೆಯೇ ನಂಬಬಾರದು. ಕೃಷ್ಣಮಠದ ಪೂಜಾಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವ ನಡೆಯುವುದು ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಜನವರಿ 18ರಂದು. 2028ರ ಜನವರಿಗೆ 2027ರ ಜನವರಿಯ ಮಾರಾಟ ದಾರಿ ತೋರಿಸಲಾರದು, 2026ರದ್ದನ್ನು ನೋಡಬೇಕು. ಪರ್ಯಾಯ ಕಳೆದ ಮರುವರ್ಷ ಅದೇ ತಂತ್ರಾಂಶ ಅನಗತ್ಯವಾಗಿ ರಾಶಿ ತರಿಸಲು ಹೇಳುತ್ತದೆ. ಅಷ್ಟಮಿ, ಚೌತಿ, ನವರಾತ್ರಿಗಳು ಪಂಚಾಂಗದಂತೆ ತಿಂಗಳಿನಿಂದ ತಿಂಗಳಿಗೆ ಸರಿಯುವುದರಿಂದ ಅವುಗಳ ಮಾರಾಟವನ್ನು ತಾರೀಕಿನಿಂದಲ್ಲ, ಹಬ್ಬಕ್ಕೆ ಎಷ್ಟು ದಿನ ಮೊದಲು ಎಂಬ ಲೆಕ್ಕದಿಂದ ಹೋಲಿಸಬೇಕು. ಮಲ್ಪೆಯ ಕಡೆಯ ಅಂಗಡಿಯವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ಇರುವ 61 ದಿನಗಳ ನಿಷೇಧದ ಕಾಲಕ್ಕೆ, ಬೋಟುಗಳಿಗೆ ಹೋಗುವ ಅಕ್ಕಿ, ಎಣ್ಣೆ, ಚಹಾಪುಡಿಯ ಮಟ್ಟವನ್ನು ಮೇ ನಡುವಿನಲ್ಲೇ ಇಳಿಸಿ, ಜುಲೈ ಕೊನೆಯ ವಾರದಲ್ಲಿ ಮತ್ತೆ ಏರಿಸಬೇಕಾಗುತ್ತದೆ.

ದಾಸ್ತಾನು ತಿದ್ದುವ ಅಧಿಕಾರವನ್ನು ಬಿಲ್ಲು ಮಾಡುವವರಿಗೆ ಕೊಡದೆ ಬೇರೆ ಒಬ್ಬರ ಪಾಸ್‌ವರ್ಡಿಗೆ ಸೀಮಿತಗೊಳಿಸಿ. ಮಳೆಗಾಲದ ಸಿಡಿಲಿಗೆ ಮತ್ತು ಕರೆಂಟು ಹೋಗಿಬರುವುದಕ್ಕೆ ಕಂಪ್ಯೂಟರುಗಳು ಬಲಿಯಾಗುವ ಊರು ನಮ್ಮದು. ಯುಪಿಎಸ್ ಬ್ಯಾಟರಿಯನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ, ಪ್ರತಿ ರಾತ್ರಿ ಬಾಗಿಲು ಹಾಕುವ ಮುನ್ನ ಒಂದು ಬ್ಯಾಕಪ್ ತೆಗೆದು ಅಂಗಡಿಯಲ್ಲಿಡದೆ ಮನೆಗೆ ಒಯ್ಯಿರಿ. ತಿಂಗಳಿಗೊಮ್ಮೆ ಆ ಬ್ಯಾಕಪನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು, ಅಂದು ಎಣಿಸಿದ ಹತ್ತು ಐಟಂಗಳ ಅಂಕಿ ಅದರಲ್ಲಿ ಸರಿಯಾಗಿ ಬಂದಿದೆಯೇ ಎಂದು ನೋಡಿ.